ಗೋಡೆ ಮೇಲಿನ ಪತಂಗ, ಮರದ ಕೆಳಗಿನ ಮಂಗ: ಯಾವ ಫೋಟೊಗೆ ಹೆದರಬೇಕು?

ಚಳಿಗಾಲ ಶುರುವಾಗುವ ಹೊತ್ತಿಗೆ ಶಿವಮೊಗ್ಗದ ರವೀಂದ್ರನಗರದಿಂದ ಓದುಗರೊಬ್ಬರು ನಮಗೆ ತಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿನ ಒಂದು ಸ್ಕ್ರೀನ್‌ಶಾಟ್ ಕಳಿಸಿದ್ದರು. ಅದರಲ್ಲಿ ಎರಡು ಫೋಟೊಗಳಿದ್ದವು.

ಮೇಲಿನದು ಅವರ ಮನೆಯದ್ದೇ. ವರಾಂಡದ ಟ್ಯೂಬ್‌ಲೈಟ್ ಪಕ್ಕದಲ್ಲಿ, ಗೋಡೆಗೆ ಅಂಗೈಗಿಂತ ದೊಡ್ಡದೊಂದು ಕಂದು ಪತಂಗ ಅಂಟಿಕೊಂಡಿದೆ. ಅದನ್ನು ಗ್ರೂಪಿಗೆ ಹಾಕಿದ ಹತ್ತೇ ನಿಮಿಷಕ್ಕೆ ಅವರ ಚಿಕ್ಕಪ್ಪ ಎಲ್ಲಿಂದಲೋ ಬಂದಿದ್ದ ಒಂದು ಫಾರ್ವರ್ಡ್ ಹುಡುಕಿ ಹಾಕಿದ್ದಾರೆ: ಇದು ಹಾವಿನ ತಲೆಯ ವಿಷದ ಚಿಟ್ಟೆ, ರೆಕ್ಕೆಯ ಪುಡಿ ಕಣ್ಣಿಗೆ ಬಿದ್ದರೆ ಕುರುಡು ಖಂಡಿತ, ಕಂಡ ಕೂಡಲೇ ಸಾಯಿಸಿ, ಎಲ್ಲರಿಗೂ ತಿಳಿಸಿ.

ಕೆಳಗಿನದು ತೀರ್ಥಹಳ್ಳಿ ಕಡೆ ಇರುವ ಅವರ ದೊಡ್ಡಮ್ಮನ ಮನೆಯಿಂದ ಬಂದದ್ದು. ಅಡಿಕೆ ತೋಟ ಮುಗಿದು ಕಾಡು ಶುರುವಾಗುವ ಕಡೆ, ಮರದ ಬುಡದಲ್ಲಿ ಒಂದು ಮಂಗ ಸತ್ತು ಬಿದ್ದಿದೆ. ಫೋಟೊದ ಅಂಚಿನಲ್ಲಿ ಯಾರದೋ ಬರಿಗಾಲು. ಅದರ ಕೆಳಗೆ ಕೈಮುಗಿಯುವ ಇಮೋಜಿಗಳ ಸಾಲು, ನಡುವೆ ‘ಪಾಪ, ಆಂಜನೇಯ’ ಎಂಬ ಒಂದು ಮಾತು.

ಓದುಗರು ನಮ್ಮನ್ನು ಕೇಳಿದ್ದು ಪತಂಗದ ಬಗ್ಗೆ ಮಾತ್ರ. ಮಂಗನ ಫೋಟೊ ಸ್ಕ್ರೀನ್‌ಶಾಟಿನಲ್ಲಿ ತಾನಾಗಿ ಸೇರಿಕೊಂಡಿತ್ತು.

ಚುಟುಕು ಉತ್ತರ ಸಾಕು ಎನ್ನುವವರಿಗೆ: ಆ ಪತಂಗ ಕಚ್ಚುವುದಿಲ್ಲ, ಕುಟುಕುವುದಿಲ್ಲ, ಕುರುಡು ಮಾಡುವುದಿಲ್ಲ. ಆದರೆ ಮಂಗ ಸತ್ತುಬಿದ್ದ ಜಾಗಕ್ಕೆ ಬರಿಗಾಲಿನಲ್ಲಿ ಯಾರೂ ಹೋಗಬಾರದಿತ್ತು. ಹೆದರಬೇಕಾದ ಫೋಟೊ ಎರಡನೆಯದು. ಅದಕ್ಕೆ ಒಂದೂ ಎಚ್ಚರಿಕೆ ಬರಲಿಲ್ಲ, ಮೊದಲನೆಯದಕ್ಕೆ ಹತ್ತು ನಿಮಿಷದಲ್ಲಿ ಬಂತು. ಹೀಗೇಕೆ ಆಗುತ್ತದೆ ಎಂದು ವಿವರಿಸಲು ಈ ಎರಡು ಪ್ರಾಣಿಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು.

ಬಾಯಿಯೇ ಇಲ್ಲದ್ದು ಕಚ್ಚುವುದು ಹೇಗೆ?

ಗೋಡೆಯ ಮೇಲಿದ್ದದ್ದು ಅಟ್ಲಾಸ್ ಪತಂಗ. ಮಲೆನಾಡಿನವರಿಗೆ ಇದು ಅಪರೂಪವಾದರೂ ಅಪರಿಚಿತವಲ್ಲ. ಹಿಮಾಲಯದ ತಪ್ಪಲು ಮತ್ತು ಆಗ್ನೇಯ ಏಷ್ಯಾದಲ್ಲಿ ಸಿಗುವುದನ್ನು ವಿಜ್ಞಾನಿಗಳು ಅಟ್ಟಾಕಸ್ ಅಟ್ಲಾಸ್ ಎನ್ನುತ್ತಾರೆ. ದಕ್ಷಿಣ ಭಾರತ ಮತ್ತು ಶ್ರೀಲಂಕಾದ್ದನ್ನು ಅಟ್ಟಾಕಸ್ ಟಾಪ್ರೊಬಾನಿಸ್ ಎಂಬ ಬೇರೆ ಪ್ರಭೇದವಾಗಿ ಗುರುತಿಸುತ್ತಾರೆ. ನೋಡಲು ಎರಡೂ ಒಂದೇ ಮನೆಯವು. ದೊಡ್ಡವು ರೆಕ್ಕೆ ಬಿಚ್ಚಿದರೆ ಈ ತುದಿಯಿಂದ ಆ ತುದಿಗೆ 24 ಸೆಂಟಿಮೀಟರ್ ದಾಟುವುದುಂಟು. ಮಕ್ಕಳ ಜ್ಯಾಮಿತಿ ಪೆಟ್ಟಿಗೆಯ ಸ್ಕೇಲು ಅದರ ಮುಂದೆ ಗಿಡ್ಡ.

ಪ್ರಪಂಚದ ಅತಿ ದೊಡ್ಡ ಪತಂಗ ಇದೇ ಎಂದೂ ಫಾರ್ವರ್ಡ್‌ಗಳು ಹೇಳುತ್ತವೆ. ಅತಿ ದೊಡ್ಡವುಗಳಲ್ಲಿ ಒಂದು ಎಂದರೆ ಸರಿ. ರೆಕ್ಕೆಯ ಉದ್ದ ಮಾತ್ರ ನೋಡಿದರೆ ದಕ್ಷಿಣ ಅಮೆರಿಕದ ಬಿಳಿ ಮಾಟಗಾತಿ ಎಂಬ ಹೆಸರಿನ ಪತಂಗ ಇದನ್ನು ಮೀರಿಸುತ್ತದೆ.

ಮುಖ್ಯ ವಿಷಯ ಇಲ್ಲಿದೆ. ರೆಕ್ಕೆ ಬಂದ ಅಟ್ಲಾಸ್ ಪತಂಗಕ್ಕೆ ಕೆಲಸ ಮಾಡುವ ಬಾಯಿಯೇ ಇಲ್ಲ. ಹೂವಿನ ರಸ ಹೀರುವ ಕೊಳವೆಯೂ ಇಲ್ಲ. ಮರಿಹುಳುವಾಗಿದ್ದಾಗ ದಾಲ್ಚಿನ್ನಿ, ಪೇರಳೆ, ನಿಂಬೆ ಜಾತಿಯ ಗಿಡಗಳ ಎಲೆ ಮೇಯ್ದು ಮೈಯಲ್ಲಿ ಕೂಡಿಟ್ಟ ಕೊಬ್ಬೇ ಅದರ ಬುತ್ತಿ. ಆ ಬುತ್ತಿ ತೀರುವವರೆಗೆ, ಅಂದರೆ ಒಂದೆರಡು ವಾರ, ಬದುಕುತ್ತದೆ. ಆ ಅವಧಿಯಲ್ಲಿ ಅದಕ್ಕಿರುವುದು ಒಂದೇ ಕೆಲಸ, ಜೋಡಿ ಹುಡುಕಿ ಮೊಟ್ಟೆಯಿಡುವುದು. ಹೆಣ್ಣು ಒಂದು ಕಡೆ ಕೂತು ಗಾಳಿಗೆ ವಾಸನೆ ಬಿಡುತ್ತದೆ, ಗಂಡು ಗರಿಯಂತಹ ಮೀಸೆಯಿಂದ ಆ ವಾಸನೆ ಹಿಡಿದು ಬರುತ್ತದೆ. ಕಚ್ಚಲು ಹಲ್ಲಿಲ್ಲ, ಕುಟುಕಲು ಮುಳ್ಳಿಲ್ಲ, ಉಗುಳಲು ವಿಷವಿಲ್ಲ.

ರೆಕ್ಕೆಯ ಪುಡಿ? ಅದು ಪತಂಗ ಮತ್ತು ಚಿಟ್ಟೆಗಳ ಮೈಮೇಲಿನ ಸಣ್ಣ ಸಣ್ಣ ಹುರುಪೆ. ಮುಟ್ಟಿದರೆ ಬೆರಳಿಗೆ ಅಂಟುತ್ತದೆ. ಕಣ್ಣಿಗೆ ಬಿದ್ದರೆ ಧೂಳು ಬಿದ್ದಂತೆ ಚುಚ್ಚಬಹುದು, ಅಲರ್ಜಿ ಇರುವವರಿಗೆ ಸೀನು ಬರಬಹುದು. ತಣ್ಣೀರಿನಲ್ಲಿ ತೊಳೆದರೆ ಮುಗಿಯಿತು. ಕುರುಡಾಗುವ ಮಾತಿಗೆ ಆಧಾರವಿಲ್ಲ.

ಅಂದಹಾಗೆ, ಅದು ನಿಮ್ಮ ಮನೆ ಹುಡುಕಿಕೊಂಡು ಬಂದದ್ದೂ ಅಲ್ಲ. ಶಕುನವೂ ಅಲ್ಲ, ಅಪಶಕುನವೂ ಅಲ್ಲ. ದೀಪದ ಮೋಹಕ್ಕೆ ಹುಳು ಸಾಯುತ್ತದೆ ಎಂದು ನಾವೆಲ್ಲ ಕೇಳಿ ಬೆಳೆದವರು. 2024ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವೇಗದ ಕ್ಯಾಮೆರಾ ಹಿಡಿದು ನೋಡಿದಾಗ ಕಂಡದ್ದು ಬೇರೆ. ರಾತ್ರಿ ಹಾರುವ ಅನೇಕ ಕೀಟಗಳು ಬೆನ್ನನ್ನು ಬೆಳಕಿನ ಕಡೆಗೆ ಇಟ್ಟುಕೊಂಡು ಹಾರುತ್ತವೆ. ಆಕಾಶ ಮಾತ್ರ ಬೆಳಗಿದ್ದ ಕಾಲದಲ್ಲಿ ಮೇಲು ಯಾವುದು, ಕೆಳಗು ಯಾವುದು ಎಂದು ತಿಳಿಯಲು ಅದು ಒಳ್ಳೆಯ ಉಪಾಯ. ಟ್ಯೂಬ್‌ಲೈಟ್ ಪಕ್ಕದಲ್ಲಿ ಅದೇ ಉಪಾಯ ಕೈಕೊಟ್ಟು, ಹುಳು ದೀಪದ ಸುತ್ತಲೇ ಸುತ್ತುತ್ತಾ ಸಿಕ್ಕಿಬೀಳುತ್ತದೆ. ಮೋಹವಲ್ಲ, ದಿಕ್ಕು ತಪ್ಪಿದ್ದು.

ನಲ್ಲೂರಿನ ಹುಲಿ, ರೆಕ್ಕೆಯ ಹಾವು

ಆದರೂ ಆ ಪತಂಗ ಕಂಡರೆ ಮೈ ಜುಮ್ಮೆನ್ನುತ್ತದೆ ಎಂಬುದು ಸುಳ್ಳಲ್ಲ. ಮುಂದಿನ ರೆಕ್ಕೆಗಳ ತುದಿ ನೋಡಿ. ಕೊಕ್ಕೆಯಂತೆ ಬಾಗಿ, ಅಲ್ಲೊಂದು ಕಣ್ಣಿನಂತಹ ಚುಕ್ಕೆ, ಬಾಯಿಯಂತಹ ಗೆರೆ. ಪಕ್ಕದಿಂದ ನೋಡಿದರೆ ಎರಡು ಹಾವುಗಳು ತಲೆ ಎತ್ತಿದಂತೆ. ಹಾಂಗ್‌ಕಾಂಗ್ ಕಡೆಯ ಕ್ಯಾಂಟನೀಸ್ ಮಾತಿನಲ್ಲಿ ಇದರ ಹೆಸರೇ ‘ಹಾವಿನ ತಲೆ ಪತಂಗ’. ಹಕ್ಕಿ, ಹಲ್ಲಿಗಳನ್ನು ಬೆದರಿಸಲು ಈ ವೇಷ ಇರಬಹುದು ಎಂದು ಹಲವರು ಹೇಳುತ್ತಾರೆ, ಅಷ್ಟು ಖಚಿತವಾಗಿ ಹೇಳಲು ಪರೀಕ್ಷೆ ನಡೆದಿಲ್ಲ ಎಂದು ಕೆಲವು ಕೀಟತಜ್ಞರು ಆಕ್ಷೇಪಿಸುತ್ತಾರೆ. ಹಕ್ಕಿಗಳ ವಿಷಯ ಹಾಗಿರಲಿ, ವಾಟ್ಸಾಪ್ ಗ್ರೂಪುಗಳ ಮೇಲೆ ಈ ವೇಷ ಕೆಲಸ ಮಾಡುವುದನ್ನು ನಾವೇ ನೋಡಿದ್ದೇವೆ.

ಇದೇ ತಂತ್ರವನ್ನು ಶಿವಮೊಗ್ಗ ಜಿಲ್ಲೆಯ ರೈತರೊಬ್ಬರು ಮಂಗಗಳ ಮೇಲೆ ಪ್ರಯೋಗಿಸಿದ್ದು ನೆನಪಿರಬಹುದು. 2019ರ ಕೊನೆಯಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ನಲ್ಲೂರಿನಿಂದ ಒಂದು ಫೋಟೊ ದೇಶವಿಡೀ ಹರಿದಾಡಿತು. ಸಾಕಿದ ನಾಯಿಗೆ ಕೂದಲಿಗೆ ಹಚ್ಚುವ ಬಣ್ಣದಿಂದ ಹುಲಿಯ ಪಟ್ಟೆ ಬಳಿದು, ಅಡಿಕೆ ಮತ್ತು ಕಾಫಿ ತೋಟದಲ್ಲಿ ಬಿಡುತ್ತಿದ್ದರು. ಮಂಗಗಳು ಓಡಿದವು ಎಂದು ಅವರು ಪತ್ರಿಕೆಗಳಿಗೆ ಹೇಳಿದ್ದರು. ಅದಕ್ಕೂ ಮೊದಲು ಅವರು ಹುಲಿ ಗೊಂಬೆ ಇಟ್ಟು ನೋಡಿದ್ದರಂತೆ, ಅದರ ಬಣ್ಣ ಮಾಸಿಹೋಗಿತ್ತು.

ನಗು ಬರುವ ಸುದ್ದಿ. ಆದರೆ ಇದರ ಹಿಂದೆ ಗಟ್ಟಿ ವಿಜ್ಞಾನವಿದೆ. ನಮ್ಮ ಊರಿನ ಸಾಮಾನ್ಯ ಮಂಗ, ತಲೆಯ ಮೇಲೆ ಟೊಪ್ಪಿಗೆಯಂತೆ ಕೂದಲು ಹರಡಿಕೊಂಡಿರುವ ಬಾನೆಟ್ ಮಕಾಕ್, ದಕ್ಷಿಣ ಭಾರತ ಬಿಟ್ಟರೆ ಬೇರೆಲ್ಲೂ ಇಲ್ಲದ ಪ್ರಾಣಿ. ಸಂಶೋಧಕರಾದ ರಿಚರ್ಡ್ ಕಾಸ್ ಮತ್ತು ಉಮಾ ರಾಮಕೃಷ್ಣನ್ ದಕ್ಷಿಣ ಭಾರತದ ಕಾಡುಗಳಲ್ಲಿ ಈ ಮಂಗಗಳಿಗೆ ಚಿರತೆಯ ಬೊಂಬೆ ತೋರಿಸಿ ಪ್ರಯೋಗ ಮಾಡಿದ್ದರು. 2000ದಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ ಮಂಗಗಳಿಗೆ ಮುಖ್ಯವಾದ ಗುರುತು ಹಳದಿ ಮೈಯ ಚುಕ್ಕೆಗಳು. ಚುಕ್ಕೆ ಕಂಡರೆ ಮೊದಲು ಓಟ, ಆಮೇಲೆ ಯೋಚನೆ. ಹಾವಿನ ವಿಷಯದಲ್ಲೂ ಅವು ಹಾಗೇ ಚುರುಕು.

ನಾವೂ ಅದೇ ವಂಶದ ದೂರದ ನೆಂಟರು. ಮಕಾಕ್ ಮಂಗಗಳಿಗೂ ನಮಗೂ ಪೂರ್ವಜರು ಬೇರೆಯಾಗಿ ಸುಮಾರು 2.5 ಕೋಟಿ ವರ್ಷ. ಪತಂಗದ ಕವಲಿಗೂ ನಮ್ಮ ಕವಲಿಗೂ 50 ಕೋಟಿ ವರ್ಷಕ್ಕೂ ಹೆಚ್ಚಿನ ಅಂತರ. ಲಿನ್ ಇಸ್ಬೆಲ್ ಎಂಬ ವಿಜ್ಞಾನಿ 2006ರಲ್ಲಿ ಒಂದು ವಾದ ಮುಂದಿಟ್ಟರು: ಮಂಗ ಮತ್ತು ಮನುಷ್ಯರ ಗುಂಪಿನ ಕಣ್ಣು ಇಷ್ಟು ಚುರುಕಾಗಲು ಹುಲ್ಲಿನ ನಡುವಿನ ಹಾವನ್ನು ಬೇಗ ಗುರುತಿಸಬೇಕಾದ ಒತ್ತಡವೂ ಒಂದು ಕಾರಣವಿರಬೇಕು. ವಾದವನ್ನು ಎಲ್ಲರೂ ಒಪ್ಪಿಲ್ಲ. ಆದರೆ ಮನುಷ್ಯರು ಹೂವು, ಅಣಬೆಗಳ ಚಿತ್ರಗಳ ನಡುವೆ ಹಾವಿನ ಚಿತ್ರವನ್ನು ಬೇಗ ಪತ್ತೆ ಮಾಡುತ್ತಾರೆ ಎಂಬುದು ಪ್ರಯೋಗಗಳಲ್ಲಿ ಕಂಡಿದೆ.

ಹಾಗಾಗಿ ಪತಂಗದ ಫೋಟೊ ನೋಡಿ ಬೆಚ್ಚಿದ ಚಿಕ್ಕಪ್ಪನನ್ನು ನಾವು ಬೈಯುವುದಿಲ್ಲ. ಅವರ ಕಣ್ಣು ತನ್ನ ಹಳೆಯ ಕೆಲಸ ಮಾಡಿದೆ. ತೊಂದರೆ ಏನೆಂದರೆ ನಲ್ಲೂರಿನ ಮಂಗ ಬೆಚ್ಚಿದರೆ ತಾನು ಮರ ಹತ್ತುತ್ತದೆ, ಹೆಚ್ಚೆಂದರೆ ಕೂಗಿ ತನ್ನ ಗುಂಪಿಗೆ ಹೇಳುತ್ತದೆ. ನಮ್ಮ ಕೂಗು 200 ಜನರ ಗ್ರೂಪಿಗೆ ಹೋಗುತ್ತದೆ, ಅಲ್ಲಿಂದ ಇನ್ನೈದು ಗ್ರೂಪಿಗೆ.

ಸಿಡಿಲಿಗೆ ಸತ್ತವರು, ಹುಳಕ್ಕೆ ಬಂದ ಹೆಸರು

ಈ ಕೂಗು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ 2022ರ ಉದಾಹರಣೆ ಇದೆ. ಆ ವರ್ಷದ ಮಳೆಗಾಲದ ಕೊನೆಯಲ್ಲಿ ಮಹಾರಾಷ್ಟ್ರ ಮತ್ತು ಕರ್ನಾಟಕದ ರೈತರ ಗ್ರೂಪುಗಳಲ್ಲಿ ಹಳದಿ-ಹಸಿರು ಮುಳ್ಳುಗಳ ಒಂದು ಮರಿಹುಳುವಿನ ಫೋಟೊ ಓಡಾಡಿತು. ಹತ್ತಿ ಮತ್ತು ಕಬ್ಬಿನ ಹೊಲದಲ್ಲಿರುವ ಈ ಹುಳು ಕಚ್ಚಿದರೆ ಐದು ನಿಮಿಷದಲ್ಲಿ ಸಾವು ಎಂಬ ಬರಹ. ಜೊತೆಗೆ ಹೊಲದಲ್ಲಿ ಸತ್ತು ಮಲಗಿದ ಇಬ್ಬರ ಫೋಟೊ. ಸುದ್ದಿ ಪರಿಶೀಲಿಸುವವರು ಹುಡುಕಿದಾಗ ಆ ಇಬ್ಬರು ಮಹಾರಾಷ್ಟ್ರದ ಜಳಗಾಂವ್ ಜಿಲ್ಲೆಯಲ್ಲಿ ಸಿಡಿಲು ಬಡಿದು ಸತ್ತವರು ಎಂದು ತಿಳಿಯಿತು. ಹುಳು ಒಂದು ಜಾತಿಯ ಪತಂಗದ ಮರಿ. ಅದರ ಮುಳ್ಳು ತಾಗಿದರೆ ಉರಿ, ಕೆಂಪು ದದ್ದು, ಊತ ಬರುತ್ತದೆ. ನಮ್ಮ ಕಂಬಳಿಹುಳು ತಾಗಿದಾಗ ಆಗುವಂಥದ್ದೇ, ಸ್ವಲ್ಪ ಜೋರು. ಐದು ನಿಮಿಷದ ಸಾವು ಕಟ್ಟುಕತೆ.

ಇಲ್ಲಿ ಗಮನಿಸಿ, ಸುಳ್ಳಿನೊಳಗೆ ಒಂದು ಚೂರು ನಿಜವಿದೆ. ಕೆಲವು ಮರಿಹುಳುಗಳ ಮುಳ್ಳು ಅಥವಾ ಕೂದಲು ನಿಜಕ್ಕೂ ಉರಿ ತರಿಸುತ್ತದೆ. ಆದ್ದರಿಂದ ಮಕ್ಕಳಿಗೆ ಕೂದಲಿರುವ ಹುಳು ಮುಟ್ಟಬೇಡ ಎನ್ನುವ ಅಜ್ಜಿಯ ಮಾತು ಸರಿಯೇ. ಅಟ್ಲಾಸ್ ಪತಂಗದ ಮರಿಗೆ ಅಂಥ ಉರಿಯ ಕೂದಲೂ ಇಲ್ಲ. ಮೈಮೇಲೆ ಬಿಳಿ ಮೇಣದ ಪುಡಿ ಇರುತ್ತದೆ, ಕೆಣಕಿದರೆ ವಾಸನೆಯ ದ್ರವ ಚಿಮ್ಮಿಸುತ್ತದೆ, ಅಷ್ಟೆ.

2022ರಲ್ಲೇ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲೂ ಒಂದು ಮನೆಯ ಗ್ಯಾರೇಜಿನ ಗೋಡೆಯ ಮೇಲೆ ಅಟ್ಲಾಸ್ ಪತಂಗ ಸಿಕ್ಕಿತ್ತು. ಅಲ್ಲಿನ ಕೃಷಿ ಇಲಾಖೆ ಕಂಡವರು ಫೋಟೊ ಕಳಿಸಿ ಎಂದು ಪ್ರಕಟಣೆ ಕೊಟ್ಟಿತು. ಅದನ್ನೇ ‘ಅಮೆರಿಕದಲ್ಲಿ ಎಚ್ಚರಿಕೆ’ ಎಂದು ತಿರುಗಿಸಿ ಬರೆಯಲು ಹೆಚ್ಚು ಹೊತ್ತು ಬೇಕಿಲ್ಲ. ಅಸಲು ಕಾರಣ, ಅದು ಆ ದೇಶದ್ದಲ್ಲದ ಕೀಟ, ನೆಲೆಯೂರಿದರೆ ಗಿಡಮರಗಳಿಗೆ ಪೀಡೆಯಾಗಬಹುದು ಎಂಬುದು. ಮನುಷ್ಯರಿಗೆ ಅಪಾಯ ಎಂದು ಅವರೂ ಹೇಳಲಿಲ್ಲ.

ಮಂಗನ ಹೆಸರಿನ ಮೂರು ಕಾಯಿಲೆ

ಈಗ ಎರಡನೇ ಫೋಟೊ. ಇಲ್ಲಿ ಗೊಂದಲ ಹೆಸರಿನಿಂದಲೇ ಶುರುವಾಗುತ್ತದೆ. ಕನ್ನಡದಲ್ಲಿ ಮಂಗನ ಹೆಸರಿನ ಮೂರು ಕಾಯಿಲೆಗಳಿವೆ, ಮೂರನ್ನೂ ಜನ ಕಲೆಸುತ್ತಾರೆ.

ಒಂದು ಮಂಗನಬಾವು. ಕಿವಿಯ ಕೆಳಗೆ, ಕೆನ್ನೆಯ ಹಿಂದೆ ಊದಿಕೊಳ್ಳುವ ಮಕ್ಕಳ ಜ್ವರ. ಇದಕ್ಕೂ ಮಂಗನಿಗೂ ಏನೂ ಸಂಬಂಧವಿಲ್ಲ. ಮಂಗಗಳ ಕೆನ್ನೆಯಲ್ಲಿ ಚೀಲಗಳಿವೆ, ಸಿಕ್ಕಿದ್ದನ್ನು ಅಲ್ಲಿ ತುಂಬಿಕೊಂಡು ಓಡಿ ಆಮೇಲೆ ನಿಧಾನವಾಗಿ ತಿನ್ನುತ್ತವೆ. ಊದಿದ ಮುಖ ಹಾಗೆ ಕಾಣುವುದರಿಂದ ಆ ಹೆಸರು ನಿಂತಿರಬೇಕು. ಮನುಷ್ಯರಿಂದ ಮನುಷ್ಯರಿಗೆ ಹರಡುವ ವೈರಸ್ ಅದು.

ಎರಡು ಮಂಕಿಪಾಕ್ಸ್. 2022ರ ಜುಲೈನಲ್ಲಿ ಕೇರಳದಲ್ಲಿ ದೇಶದ ಮೊದಲ ಪ್ರಕರಣ ಬಂದಾಗ ಮಲೆನಾಡಿನ ಎಷ್ಟೋ ಜನ ಇದೇನು ನಮ್ಮ ಮಂಗನ ಕಾಯಿಲೆಯೇ ಎಂದು ಕೇಳಿದ್ದರು. ಅಲ್ಲ. 1958ರಲ್ಲಿ ಡೆನ್ಮಾರ್ಕಿನ ಪ್ರಯೋಗಾಲಯದ ಮಂಗಗಳಲ್ಲಿ ಮೊದಲು ಕಂಡದ್ದರಿಂದ ಆ ಹೆಸರು ಬಂತು. 2022ರಲ್ಲಿ ಬ್ರೆಜಿಲಿನಲ್ಲಿ ಜನ ಹೆದರಿ ಮಂಗಗಳ ಮೇಲೆ ದಾಳಿ ಮಾಡಿದರು. 2022ರ ನವೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೆಸರನ್ನೇ ಎಂಪಾಕ್ಸ್ ಎಂದು ಬದಲಿಸಿತು.

ಮೂರನೆಯದು ನಮ್ಮದು. ಕ್ಯಾಸನೂರು ಕಾಡಿನ ಕಾಯಿಲೆ, ಕೆಎಫ್‌ಡಿ, ಊರವರ ಬಾಯಲ್ಲಿ ಮಂಗನ ಕಾಯಿಲೆ. 1957ರಲ್ಲಿ ಇದೇ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತವು, ಹಿಂದೆಯೇ ಸುತ್ತಲಿನ ಹಳ್ಳಿಗಳ ಜನ ಜ್ವರಕ್ಕೆ ಬಿದ್ದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹೊಸ ವೈರಸ್ ಪತ್ತೆ ಮಾಡಿದರು. ಒಂದು ಊರಿನ ಹೆಸರು ಜಗತ್ತಿನ ವೈದ್ಯಕೀಯ ಪುಸ್ತಕಗಳಿಗೆ ಹೋದದ್ದು ಹೀಗೆ. ಆಮೇಲೆ ಅದು ಅಲ್ಲಿಗೇ ನಿಲ್ಲಲಿಲ್ಲ. ಪಶ್ಚಿಮ ಘಟ್ಟದುದ್ದಕ್ಕೂ ಕೇರಳದ ವಯನಾಡು, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗದವರೆಗೆ ಹೋಗಿದೆ. 2018ರ ಡಿಸೆಂಬರಿನಿಂದ 2019ರವರೆಗೆ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಆದ ಸಾವುಗಳನ್ನು ಆ ಕಡೆಯವರು ಮರೆತಿಲ್ಲ.

ಫೋಟೊಕ್ಕೆ ಸಿಗದ ಅಪರಾಧಿ

ಮಂಗನ ಕಾಯಿಲೆಯನ್ನು ಮನುಷ್ಯನಿಗೆ ಅಂಟಿಸುವುದು ಸಾಮಾನ್ಯವಾಗಿ ಮಂಗವಲ್ಲ, ಉಣುಗು. ಕೆಲವು ಕಡೆ ಉಣ್ಣೆ ಎನ್ನುತ್ತಾರೆ. ದನದ ಕಿವಿಯ ಹಿಂದೆ ಹುಣಸೆ ಬೀಜದಂತೆ ಉಬ್ಬಿ ಕೂತ ದೊಡ್ಡ ಉಣುಗನ್ನು ಎಲ್ಲರೂ ನೋಡಿರುತ್ತೀರಿ. ಮನುಷ್ಯರಿಗೆ ಹೆಚ್ಚಾಗಿ ಕಚ್ಚುವುದು ಅದಲ್ಲ, ಅದರ ಎಳೆಯ ಹಂತ. ರಾಗಿ ಕಾಳಿನಷ್ಟು ಗಾತ್ರ. ಕಚ್ಚಿದ್ದು ಎಷ್ಟೋ ಸಲ ಗೊತ್ತೂ ಆಗುವುದಿಲ್ಲ.

ಕಾಡಿನ ಇಲಿ, ಮೂಗಿಲಿಯಂತಹ ಸಣ್ಣ ಪ್ರಾಣಿಗಳು ಮತ್ತು ಉಣುಗುಗಳ ನಡುವೆ ಈ ವೈರಸ್ ಸದ್ದಿಲ್ಲದೆ ತಿರುಗುತ್ತಿರುತ್ತದೆ. ಸೋಂಕಿನ ಉಣುಗು ಮಂಗಕ್ಕೋ, ಕಪ್ಪು ಮುಖದ ಮುಸಿಯಕ್ಕೋ ಕಚ್ಚಿದರೆ ಅದು ಜ್ವರ ಬಂದು ಸಾಯುತ್ತದೆ. ಜೀವವಿದ್ದಾಗ ಅದರ ಮೈಮೇಲಿದ್ದ ಉಣುಗುಗಳು, ಮೈ ತಣ್ಣಗಾಗುತ್ತಿದ್ದಂತೆ ಇಳಿದು ಸುತ್ತಲಿನ ಎಲೆಗಳ ನಡುವೆ ಸೇರುತ್ತವೆ. ಆ ಕೆಲವು ಮಾರು ಜಾಗದಲ್ಲಿ ಸೋಂಕಿನ ಉಣುಗು ದಟ್ಟವಾಗುತ್ತದೆ. ಮರದ ಬುಡದಲ್ಲಿ ಬಿದ್ದ ಮಂಗನಿಗೆ ಕೈಮುಗಿಯಲು, ಫೋಟೊ ತೆಗೆಯಲು ಹೋದವರು ನಿಲ್ಲುವುದು ಸರಿಯಾಗಿ ಅಲ್ಲಿ.

ಪತಂಗದ ಫೋಟೊಗೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಪತಂಗದಲ್ಲಿ ಭಯ ಹುಟ್ಟಿಸುವ ಚಿತ್ರವಿದೆ, ಅಪಾಯವಿಲ್ಲ. ಇಲ್ಲಿ ಅಪಾಯವಿದೆ, ಆದರೆ ಫೋಟೊದಲ್ಲಿ ಕಾಣುವುದು ಒಣ ಎಲೆ ಮಾತ್ರ. ಹಾವಿನ ತಲೆಗೆ ಬೆಚ್ಚುವ ಕಣ್ಣಿಗೆ ರಾಗಿ ಕಾಳು ಏನೂ ಹೇಳುವುದಿಲ್ಲ.

ಕಾಲವೂ ಹೊಂದಿಕೊಂಡು ಬರುತ್ತದೆ, ದುರದೃಷ್ಟವಶಾತ್. ಎಳೆಯ ಉಣುಗು ಹೆಚ್ಚಾಗುವುದು ನವೆಂಬರ್ ನಂತರ, ಮೇವರೆಗೆ ಅದರ ಕಾಲ. ಮಲೆನಾಡಿನ ಹೆಂಗಸರು ಕೊಟ್ಟಿಗೆಗೆ, ತೋಟಕ್ಕೆ ದರಗು ಗುಡಿಸಿ ತರುವುದೂ, ಕಟ್ಟಿಗೆ ಒಟ್ಟುವುದೂ ಅದೇ ತಿಂಗಳುಗಳಲ್ಲಿ. ನಮ್ಮ ಓದುಗರ ದೊಡ್ಡಮ್ಮ ಕೂಡ ದಿನಾ ಬೆಳಿಗ್ಗೆ ದರಗಿಗೆ ಹೋಗುವವರೇ ಎಂದು ಆಮೇಲೆ ಕೇಳಿದಾಗ ತಿಳಿಯಿತು. ಹೋಗಬೇಡಿ ಎಂದು ಹೇಳಿ ಕೂರುವುದು ಸುಲಭ, ಆದರೆ ಕೊಟ್ಟಿಗೆಗೆ ಏನು ಹಾಸಬೇಕು ಎಂಬ ಪ್ರಶ್ನೆಗೆ ಆ ಸಲಹೆಯಲ್ಲಿ ಉತ್ತರವಿಲ್ಲ. ಆದ್ದರಿಂದ ಆರೋಗ್ಯ ಇಲಾಖೆ ಹಂಚುವ ಡೆಪಾ ಎಣ್ಣೆ ಕೈಕಾಲಿಗೆ ಹಚ್ಚಿ, ಮೈತುಂಬ ಬಟ್ಟೆ ತೊಟ್ಟು ಹೋಗಿ, ಬಂದ ಕೂಡಲೇ ಬಿಸಿನೀರಿನಲ್ಲಿ ಸ್ನಾನ ಮಾಡಿ, ತೊಟ್ಟ ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ ಎಂಬುದೇ ನಡೆಯುವ ಮಾತು. ಮಂಗ ಸತ್ತ ಜಾಗವನ್ನು ಮಾತ್ರ ಪೂರ್ತಿ ಬಿಟ್ಟುಬಿಡಬೇಕು. ದನಗಳನ್ನೂ ಆ ಕಡೆ ಮೇಯಲು ಬಿಡಬಾರದು.

ಉಣುಗು ಕಚ್ಚಿದ 3ರಿಂದ 8 ದಿನಗಳಲ್ಲಿ ಒಮ್ಮೆಲೇ ಜೋರು ಜ್ವರ, ತಲೆ ಸಿಡಿತ, ಸೊಂಟ-ಮೈಕೈ ನೋವು, ಕೆಂಪು ಕಣ್ಣು. ಕೆಲವರಿಗೆ ವಾಂತಿ, ಒಸಡು ಅಥವಾ ಮೂಗಿನಿಂದ ರಕ್ತ. ನೂರರಲ್ಲಿ 10-20 ಜನರಿಗೆ ಜ್ವರ ಬಿಟ್ಟು, ಒಂದೆರಡು ವಾರ ಆರಾಮಾಗಿದ್ದು, ಮತ್ತೆ ಮರಳುತ್ತದೆ. ಆಗ ನಡುಕ, ಗೊಂದಲದಂತಹ ಮೆದುಳಿನ ಲಕ್ಷಣಗಳೂ ಬರಬಹುದು. ಸಾವಿನ ಪ್ರಮಾಣ ನೂರಕ್ಕೆ 3ರಿಂದ 5. ವೈರಸ್ಸನ್ನೇ ಕೊಲ್ಲುವ ಔಷಧ ಇಲ್ಲ, ಆದರೆ ಬೇಗ ಆಸ್ಪತ್ರೆಗೆ ಹೋದರೆ ನೀರಿನಂಶ, ರಕ್ತಸ್ರಾವ ನೋಡಿಕೊಂಡು ಉಳಿಸಬಹುದು. ದಶಕಗಳ ಕಾಲ ಕೊಡುತ್ತಿದ್ದ ಹಳೆಯ ಲಸಿಕೆಯ ಪರಿಣಾಮ ಕುಗ್ಗಿದೆ ಎಂದು 2022ರಲ್ಲಿ ಅದರ ಬಳಕೆ ನಿಂತಿದೆ. ಹಾಗಾಗಿ ‘ನಮಗೆ ಆಗಲೇ ಸೂಜಿ ಆಗಿದೆ’ ಎಂಬ ಧೈರ್ಯ ಬೇಡ.

ಇನ್ನೊಂದು ಸಮಾಧಾನದ ವಿಷಯ: ಈ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ರೋಗಿಯನ್ನು ದೂರ ಇಡಬೇಕಿಲ್ಲ, ಅವರ ಮನೆಗೆ ಹೋಗುವುದನ್ನು ನಿಲ್ಲಿಸಬೇಕಿಲ್ಲ.

ಹಾಗಾದರೆ ಮಂಗಗಳನ್ನೇ ಓಡಿಸಿದರೆ?

ಈ ಪ್ರಶ್ನೆ ನಮಗೆ ಪ್ರತಿ ವರ್ಷ ಬರುತ್ತದೆ. ಕೇಳುವವರಲ್ಲಿ ಹೆಚ್ಚಿನವರು ಬೆಳೆ ಕಳೆದುಕೊಂಡವರು. ಬಾಳೆ, ಏಲಕ್ಕಿ, ಎಳೆ ಅಡಿಕೆ ಏನನ್ನೂ ಮಂಗಗಳು ಬಿಡುವುದಿಲ್ಲ ಎಂಬ ಅವರ ಸಿಟ್ಟು ಸುಳ್ಳಲ್ಲ. ಮಂಗಗಳಿಗೆ ಪ್ರತ್ಯೇಕ ಪಾರ್ಕ್ ಮಾಡುವ ಮಾತು 2020ರ ಸುಮಾರಿಗೆ ಇದೇ ಜಿಲ್ಲೆಯಲ್ಲಿ ಜೋರಾಗಿ ನಡೆದಿತ್ತು. 2021ರ ಜುಲೈನಲ್ಲಿ ಹಾಸನ ಜಿಲ್ಲೆಯ ಚೌಡನಹಳ್ಳಿ ಬಳಿ ಚೀಲಗಳಲ್ಲಿ ತುಂಬಿ ಎಸೆದ 38 ಮಂಗಗಳ ಹೆಣ ಸಿಕ್ಕಿ, ಹೈಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿದ್ದೂ ನಿಜ.

ಆದರೆ ಕಾಯಿಲೆಯ ದೃಷ್ಟಿಯಿಂದ ಮಂಗಗಳನ್ನು ಕೊಂದರೆ ಲಾಭವಿಲ್ಲ, ನಷ್ಟವಿದೆ. ವೈರಸ್ ಇಲಿ-ಉಣುಗುಗಳ ನಡುವೆ ಉಳಿದೇ ಇರುತ್ತದೆ. ಹೋಗುವುದು ಅದರ ಸುಳಿವು ಕೊಡುತ್ತಿದ್ದ ಪ್ರಾಣಿ ಮಾತ್ರ. ಬ್ರೆಜಿಲಿನಲ್ಲಿ 2017ರ ಸುಮಾರಿಗೆ ಹಳದಿ ಜ್ವರ ಬಂದಾಗ ಜನ ಮಂಗಗಳನ್ನು ಕೊಲ್ಲತೊಡಗಿದರು. ಸೊಳ್ಳೆ ಹರಡುವ ಕಾಯಿಲೆ ಅದು, ಮಂಗ ಸತ್ತರೆ ನಮಗೆ ಮುನ್ಸೂಚನೆ, ದಯವಿಟ್ಟು ಕೊಲ್ಲಬೇಡಿ ಎಂದು ಅಲ್ಲಿನ ಆರೋಗ್ಯ ಅಧಿಕಾರಿಗಳು ಬೇಡಿಕೊಳ್ಳಬೇಕಾಯಿತು.

ಇಲ್ಲಿ ಮತ್ತೆ ಪತಂಗವನ್ನು ನೆನೆಯಬಹುದು. ಹೆಣ್ಣು ಅಟ್ಲಾಸ್ ಪತಂಗ ಒಂದು ಸಲಕ್ಕೆ ನೂರಾರು ಮೊಟ್ಟೆಯಿಟ್ಟು ಸಾಯುತ್ತದೆ. ಮರಿಗೆ ಏನನ್ನೂ ಕಲಿಸುವುದಿಲ್ಲ, ಕಲಿಸಲು ಬದುಕಿರುವುದೂ ಇಲ್ಲ. ಹೆಣ್ಣು ಮಂಗ ಐದೂವರೆ ತಿಂಗಳು ಬಸಿರು ಹೊತ್ತು ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ, ಹೊಟ್ಟೆಗೆ ಅಂಟಿಸಿಕೊಂಡು ತಿರುಗುತ್ತದೆ. ಮರಿ ನೋಡಿ ನೋಡಿ ಕಲಿಯುತ್ತದೆ, ಬಿಸ್ಕೆಟ್ ಪ್ಯಾಕೆಟ್ ಹರಿಯುವುದನ್ನೂ, ಬಣ್ಣ ಬಳಿದ ನಾಯಿ ಬರೀ ನಾಯಿ ಎಂಬುದನ್ನೂ. ರಸ್ತೆ ಬದಿಯಲ್ಲಿ, ಗುಡಿಯ ಮೆಟ್ಟಿಲಲ್ಲಿ ನಾವು ತಿನ್ನಿಸಿ ಕಲಿಸಿದ್ದನ್ನು ಅವು ತೋಟಕ್ಕೂ ಅಡುಗೆಮನೆಗೂ ತರುತ್ತವೆ. ಊರೆಲ್ಲ ಮಂಗ ಎಂದು ನಮಗೆ ಅನ್ನಿಸುವಾಗಲೇ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಈ ಪ್ರಭೇದವನ್ನು ಅಪಾಯಕ್ಕೆ ಒಳಗಾಗಬಲ್ಲ ಪಟ್ಟಿಗೆ ಸೇರಿಸಿದೆ. ಕಾಡಿನಲ್ಲಿ ಮತ್ತು ಹೆದ್ದಾರಿ ಬದಿಯ ಮರಗಳಲ್ಲಿ ಅವುಗಳ ನೆಲೆ ಕಡಿಮೆಯಾಗುತ್ತಿದೆ.

ತಿನ್ನಿಸುವವರಿಗೆ ಇನ್ನೊಂದು ಮಾತು. ಮಂಗ ಕಚ್ಚಿದರೆ ಅಥವಾ ಪರಚಿದರೆ ನಾಯಿ ಕಚ್ಚಿದಷ್ಟೇ ಗಂಭೀರವಾಗಿ ನೋಡಬೇಕು. ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ರೇಬೀಸ್ ಲಸಿಕೆಗೆ ಆಸ್ಪತ್ರೆಗೆ ಹೋಗಬೇಕು. ಅರಿಶಿನ, ಸುಣ್ಣ ಬೇಡ.

ರವೀಂದ್ರನಗರಕ್ಕೆ ನಾವು ಬರೆದದ್ದು

ಪತಂಗದ ಬಗ್ಗೆ: ವರಾಂಡದ ದೀಪ ಆರಿಸಿ. ಪೊರಕೆ ಬೇಡ, ಸ್ಪ್ರೇ ಬೇಡ. ಕತ್ತಲಾದರೆ ಸಾಮಾನ್ಯವಾಗಿ ತಾನೇ ಹೊರಡುತ್ತದೆ. ಅಲ್ಲೇ ಇದ್ದರೆ ರಟ್ಟಿನ ಹಾಳೆಗೆ ಹತ್ತಿಸಿಕೊಂಡು ಗಿಡದ ಮೇಲೆ ಬಿಡಿ. ಗೋಡೆಯ ಮೇಲೆ ಸಣ್ಣ ಸಾಬೂದಾನಿಯಂತಹ ಮೊಟ್ಟೆ ಕಂಡರೂ ಗಾಬರಿ ಬೇಡ.

ಮಂಗನ ಬಗ್ಗೆ: ಅದು ಕರೆಂಟು ತಗುಲಿ ಸತ್ತಿರಬಹುದು, ನಾಯಿ ಕಚ್ಚಿ ಸತ್ತಿರಬಹುದು, ಮಂಗನ ಕಾಯಿಲೆಯಿಂದಲೂ ಸತ್ತಿರಬಹುದು. ಫೋಟೊ ನೋಡಿ ಹೇಳಲು ನಮ್ಮಿಂದಾಗದು, ಯಾರಿಂದಲೂ ಆಗದು. ಅದಕ್ಕಾಗಿಯೇ ಹತ್ತಿರ ಹೋಗದೆ, ಮುಟ್ಟದೆ, ಹೂಳಲೂ ಹೋಗದೆ, ಆಶಾ ಕಾರ್ಯಕರ್ತೆಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಗ್ರಾಮ ಪಂಚಾಯಿತಿಗೋ ಅರಣ್ಯ ಸಿಬ್ಬಂದಿಗೋ ಇವತ್ತೇ ತಿಳಿಸಬೇಕು. ಪಶುವೈದ್ಯರು ಬಂದು ಮಾದರಿ ತೆಗೆಯುತ್ತಾರೆ, ಸುತ್ತ ಉಣುಗು ಕೊಲ್ಲುವ ಪುಡಿ ಹಾಕಿಸುತ್ತಾರೆ. ಕೆಎಫ್‌ಡಿ ಪರೀಕ್ಷೆ ಮಾಡುವ ವೈರಸ್ ಪತ್ತೆ ಪ್ರಯೋಗಾಲಯ ಶಿವಮೊಗ್ಗ ನಗರದಲ್ಲೇ ಇದೆ. ಬರಿಗಾಲಿನಲ್ಲಿ ಅಲ್ಲಿ ನಿಂತವರು ಯಾರೆಂದು ಕೇಳಿ. ಎರಡು ವಾರದೊಳಗೆ ಜ್ವರ ಬಂದರೆ ‘ಮಂಗ ಸತ್ತ ಜಾಗಕ್ಕೆ ಹೋಗಿದ್ದೆ’ ಎಂಬ ಮಾತನ್ನು ವೈದ್ಯರಿಗೆ ಮೊದಲೇ ಹೇಳಲಿ.

ಓದುಗರು ಮಾರನೇ ದಿನ ಉತ್ತರಿಸಿದರು. ಪತಂಗ ರಾತ್ರಿಯೇ ಹೋಗಿತ್ತು. ದೊಡ್ಡಮ್ಮನ ಊರಿಗೆ ಆಶಾ ಕಾರ್ಯಕರ್ತೆ ಬಂದಿದ್ದರು. ಫೋಟೊದ ಆ ಕಾಲು ಯಾರದೆಂದೂ ತಿಳಿಯಿತಂತೆ: ದೊಡ್ಡಮ್ಮನ ಮೊಮ್ಮಗನದು, ಎಂಟನೇ ಕ್ಲಾಸಿನ ಹುಡುಗ. ಮನೆಯವರು ಎರಡು ವಾರದ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಅವನ ಹಣೆ ಮುಟ್ಟಿ ನೋಡುತ್ತಿದ್ದರು. ಹದಿನೈದನೇ ದಿನ ನಮಗೆ ಒಂದು ಸಾಲಿನ ಸಂದೇಶ ಬಂತು: ಹುಡುಗನಿಗೆ ಜ್ವರ ಬರಲಿಲ್ಲ.